ಗುರುವಾರದ ಬೋರ್ಸೋಕ್

"ಮುಂದಿನವರು ಬನ್ನಿ! ಈ ಮನುಷ್ಯನಿಗೆ ನನ್ನ ಒಲೆಯಲ್ಲಿ ಸಮ್ಸಾ ಇಲ್ಲ. ಊರ ಹೆಂಗಸರ ಲಂಗದ ಅಂಚು ಮೂಸಿಕೊಂಡು ಹೊಟ್ಟೆ ಹೊರೆಯೋ ನಾಯಿ ಇದು. ನಾಯಿಗೆ ಅಂತ ಮೂಳೆ ಎತ್ತಿಟ್ಟಿದೀನಿ, ಆಮೇಲೆ ಹಾಕ್ತೀನಿ!"

ಅಸಿಲ್ಕಾನ್ ಹೀಗೆ ಕೂಗಿದ್ದು ಬೆಳಗಿನ ಹತ್ತು ಗಂಟೆಗೆ, ಬಿಶ್ಕೇಕಿನ ಏಳನೇ ಬಡಾವಣೆಯ ಬಸ್ ನಿಲ್ದಾಣದ ಪಕ್ಕ, ಮಾಂಸ ತುಂಬಿದ ಸಮ್ಸಾ ಸುಡುವ ತನ್ನ ತಂದೂರಿ ಒಲೆಯ ಮುಂದೆ ಸಾಲುಗಟ್ಟಿ ನಿಂತಿದ್ದ ಹದಿನೈದು ಜನರ ಎದುರು. ಯಾರೋ ಕಿಸಕ್ಕನೆ ನಕ್ಕರು. ಒಬ್ಬರು ನಕ್ಕ ಮೇಲೆ ಕೇಳಬೇಕೆ, ಸಾಲಿಗೆ ಸಾಲೇ ಹಲ್ಲು ಬಿಟ್ಟಿತು.

"ಮೂಳೆ ಬೇಡ ಎಜೆ," ಎಂದ ಬೆಯ್ಶೆನ್, ಅಕ್ಕ ಎನ್ನುವ ಮರ್ಯಾದೆ ಬಿಡದೆ. "ಈರುಳ್ಳಿ ಜಾಸ್ತಿ ಇರೋದು ಎರಡು ಕೊಡಿ, ಸಾಕು."

ಆಕೆ ಒಲೆಯ ಮುಚ್ಚಳವನ್ನು ದಡಾರನೆ ಮುಚ್ಚಿದಳು. ಆಕೆಯ ಮಗಳ ಸಂಸಾರ ಹೋದ ಚಳಿಗಾಲದಲ್ಲಿ ಮುರಿದುಬಿದ್ದಿತ್ತು. ಅಳಿಯ ಹೋಗಿ ಬೆಯ್ಶೆನ್‌ನನ್ನು ಗೊತ್ತುಮಾಡಿದ್ದ, ಬೆಯ್ಶೆನ್ ಕಂಡದ್ದನ್ನು ಬರೆದುಕೊಟ್ಟಿದ್ದ. ಬರೆದದ್ದು ಸುಳ್ಳು ಎಂದು ಅಸಿಲ್ಕಾನ್ ಇವತ್ತಿನವರೆಗೂ ಹೇಳಿಲ್ಲ. ಬರೆದವನು ನಾಯಿ ಎಂದಷ್ಟೇ ಹೇಳುತ್ತಾಳೆ.

ಬೆಯ್ಶೆನ್ ಸಾಲಿನಿಂದ ಹೊರಬಂದ. ಮೈಯೆಲ್ಲ ಉರಿಯುತ್ತಿತ್ತು. ಉರಿದದ್ದು ಬೈಗುಳಕ್ಕಲ್ಲ. ನಕ್ಕವರಲ್ಲಿ ಇಬ್ಬರು ತನ್ನ ಹಳೆಯ ಗಿರಾಕಿಗಳೇ ಆಗಿದ್ದರು, ಅದಕ್ಕೆ. ಒಬ್ಬ ತನ್ನ ಹೆಂಡತಿಯ ಹಿಂದೆ ಇವನನ್ನು ಕಳಿಸಿದ್ದವನು, ಇನ್ನೊಬ್ಬಳು ತನ್ನ ಗಂಡನ ಹಿಂದೆ ಕಳಿಸಿದ್ದವಳು. ಅವನ ಕೋಣೆಗೆ ಬರುವಾಗ ಅತ್ತ ಇತ್ತ ನೋಡಿ ಕಳ್ಳಹೆಜ್ಜೆಯಲ್ಲಿ ಬರುತ್ತಾರೆ, ಕಣ್ಣೀರು ಹಾಕುತ್ತಾರೆ, ನೀವೇ ಕಾಪಾಡಬೇಕು ಎನ್ನುತ್ತಾರೆ. ಬೀದಿಯಲ್ಲಿ ಕಂಡರೆ ಮಾತ್ರ ಹಲ್ಲು. ಥೂ ಇವರ!

ರಸ್ತೆ ಬದಿಯ ನೀರಿನ ಕಾಲುವೆಯನ್ನೇ ಹಿಡಿದು ಅವನು ಬಿರಬಿರನೆ ನಡೆದ. ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು. ಉದುರಿದ ಎಲೆಗಳನ್ನು ಗುಡ್ಡೆ ಮಾಡಿ ಸುಡುವ ಹೊಗೆ ಅಲ್ಲಲ್ಲಿ ಎದ್ದಿತ್ತು. ಹಿಂದಿನಿಂದ ಯಾರೋ ಓಡಿಬಂದರು.

"ಬೈಕೆ! ನಿಲ್ಲಿ ಬೈಕೆ!"

ಅಣ್ಣಾ ಅಣ್ಣಾ ಎಂದು ಕರೆಯುತ್ತಾ ಬಂದವನು ಮೂವತ್ತೈದು ಮೂವತ್ತಾರರ ಗಂಡಸು. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು. ಕೈಯಲ್ಲಿ ಕಾಗದದ ಪೊಟ್ಟಣ.

"ಎರಡು ಸಮ್ಸಾ. ನಿಮಗೇ ತಂದೆ. ಈರುಳ್ಳಿ ಜಾಸ್ತಿ ಇರೋದು." ಏದುಸಿರು ಬಿಡುತ್ತಾ ಅವನು ಕೇಳಿದ, "ಆಯಮ್ಮ ಹೇಳಿದ್ದು ನಿಜಾನಾ ಬೈಕೆ?"

"ಯಾವುದು? ನಾಯಿ ಅನ್ನೋದಾ?"

"ಅಲ್ಲ, ಅಲ್ಲ. ಆ... ಹೆಂಗಸರ ವಿಷಯ. ಆ ಕೆಲಸ ಮಾಡ್ತೀರ ಅನ್ನೋದು."

ಬೆಯ್ಶೆನ್ ಪೊಟ್ಟಣ ಬಿಚ್ಚಿ ಒಂದು ಸಮ್ಸಾ ಕಚ್ಚಿದ. ಬಾಯಿ ಸುಟ್ಟಿತು. "ಮಾಡ್ತೀನಿ," ಎಂದ. "ಬೈಗುಳದಿಂದ ಇಷ್ಟು ಲಾಭ ಆಗುತ್ತೆ ಅಂತ ಗೊತ್ತಿದ್ದರೆ ದಿನಾ ಬಂದು ಬೈಸಿಕೊಳ್ತಿದ್ದೆ. ಬಾ, ಕೋಣೆ ಇಲ್ಲೇ ಹತ್ತಿರ."

ಕೋಣೆ ಇದ್ದದ್ದು ಐದಂತಸ್ತಿನ ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಹಿಂದೆ ಅಲ್ಲಿ ಸೈಕಲ್ಲು, ಮಕ್ಕಳ ತಳ್ಳುಗಾಡಿ ಇಡುತ್ತಿದ್ದರು. ಈಗ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಗಾಜು ಹಾಕಿಸಿದ ಖಾಸಗಿ ಪತ್ತೇದಾರನ ಪರವಾನಗಿ. ಬೆಯ್ಶೆನ್ ಹದಿನಾಲ್ಕು ವರ್ಷ ಪೊಲೀಸಿನಲ್ಲಿದ್ದು ಬಿಟ್ಟು ಬಂದವನು. ಈಗ ಅವನಿಗೆ ನಲವತ್ತೊಂಬತ್ತು.

ಬಂದವನ ಹೆಸರು ಉರ್ಮತ್. ಟ್ರಾಲಿಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಂಡತಿ ಬುರುಲ್, ತಲಾಸ್ ಕಡೆಯವಳು, ಶಿಶುವಿಹಾರದಲ್ಲಿ ಅರ್ಧ ದಿನದ ಕೆಲಸ. ಮದುವೆಯಾಗಿ ಏಳು ವರ್ಷ, ಐದು ವರ್ಷದ ಮಗಳು.

"ಗುರುವಾರ ಆದ್ರೆ ಹೋಗ್ತಾಳೆ," ಎಂದ ಉರ್ಮತ್. "ಪಕ್ಕದ ಮನೆ ಮುದುಕಿ ಹೇಳಿದ್ಲು. ಕೇಳಿದ್ರೆ ಮಾತಿಲ್ಲ. ಜಗಳ ಆದ್ರೂ ಆಡು ಅಂದೆ, ಅದೂ ಇಲ್ಲ. ಸ್ಕಾರ್ಫ್ ಕಟ್ಟೋ ಹೆಂಗಸೇ ಅಲ್ಲ ಅವಳು. ಆದ್ರೆ ಗುರುವಾರ ಚೀಲದಲ್ಲಿ ಒಂದು ಬಿಳಿ ಸ್ಕಾರ್ಫ್ ಇಟ್ಕೊಂಡು ಹೋಗ್ತಾಳೆ. ಯಾರೂ ಗುರುತು ಹಿಡೀಬಾರದಲ್ಲ! ಆ ಸ್ಕಾರ್ಫ್ ಮೂಸಿ ನೋಡಿದೆ ಬೈಕೆ. ಚರ್ಮದ ವಾಸನೆ. ಚರ್ಮದ ಕೋಟು ಹಾಕ್ಕೊಳ್ಳೋ ಯಾವನೋ ಷೋಕಿಲಾಲ."

"ಇಷ್ಟೇನಾ?"

ಉರ್ಮತ್‌ನ ದವಡೆ ಬಿಗಿಯಿತು. "ಇಷ್ಟೇ ಆಗಿದ್ರೆ ಸಹಿಸ್ಕೋತಿದ್ನೋ ಏನೋ. ಗುರುವಾರ ನಮ್ಮನೇಲಿ ಕರಿಯೋಕೆ ಎಣ್ಣೆ ಇಡ್ತಾರೆ, ಸತ್ತ ನಮ್ಮಪ್ಪನ ಹೆಸರಲ್ಲಿ. ಅಪ್ಪ ಲಾರಿ ಓಡಿಸ್ತಿದ್ದರು. ನಾನು ಆರು ವರ್ಷದವನಿದ್ದಾಗ ಕಣಿವೇಲಿ ಹಿಮ ಕುಸಿದು ಹೋಗಿಬಿಟ್ರು. ಅಮ್ಮ ಸಾಯೋ ತನಕ ಒಂದು ಗುರುವಾರ ಬಿಡದೆ ಬೋರ್ಸೋಕ್ ಕರಿದ್ಲು. ಹೋದ ವರ್ಷ ಅಮ್ಮ ಹೋದ ಮೇಲೆ ಇವಳು ಕರೀತಾಳೆ. ಮೊನ್ನೆ ನೋಡ್ತೀನಿ, ಅದನ್ನೇ ಬಟ್ಟೇಲಿ ಗಂಟು ಕಟ್ಟಿ ಚೀಲಕ್ಕೆ ಹಾಕ್ಕೋತಿದ್ದಾಳೆ! ನಮ್ಮಪ್ಪನ ಆತ್ಮಕ್ಕೆ ಅಂತ ಕರಿದಿದ್ದನ್ನ ಒಯ್ದು ಯಾವನಿಗೋ ತಿನ್ನಿಸ್ತಾಳೆ ಬೈಕೆ! ಇಂಥವಳನ್ನ ಏನು ಮಾಡ್ತೀರ ಹೇಳಿ?"

ಎಣ್ಣೆಯ ಮಾತು ಕಿವಿಗೆ ಬಿದ್ದದ್ದೇ ಬೆಯ್ಶೆನ್‌ನ ಮನಸ್ಸು ಹುಟ್ಟೂರು ಅಟ್‌ಬಾಶಿಗೆ ಹಾರಿತ್ತು. ಅಲ್ಲಿ ಅವರ ಮಣ್ಣಿನ ಮನೆ, ಅಂಗಳದಲ್ಲಿ ಮೂರು ಕಲ್ಲು, ಕಲ್ಲಿನ ಮೇಲೆ ಕಪ್ಪು ಕೊಪ್ಪರಿಗೆ. ಗುರುವಾರ ಸಂಜೆ ಅಮ್ಮ ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಡುವಳು. ಅವು ಚೊಂಯ್ ಎಂದು ಮುಳುಗಿ, ಮರುಕ್ಷಣ ಉಬ್ಬಿ ಮೇಲೇಳುವವು. ವಾಸನೆ ಹೋಗಿ ಸತ್ತವರನ್ನು ಮುಟ್ಟುತ್ತದೆ, ಯಾರೂ ಮರೆತಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದಳು. "ಸತ್ತವರಿಗೆ ವಾಸನೆ, ನಮಗೆ ಬೋರ್ಸೋಕ್. ಒಳ್ಳೆ ಪಾಲು," ಎಂದು ತಾತ ನಗುತ್ತಿದ್ದ. ಆ ಅಂಗಳವನ್ನು ಚಿಕ್ಕಪ್ಪಂದಿರು ಮಾರಿ ಎಷ್ಟೋ ವರ್ಷವಾಯಿತು. ಈಗಲೂ ಯಾವುದಾದರೂ ಮೆಟ್ಟಿಲಲ್ಲಿ ಕರಿದ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಬೆಯ್ಶೆನ್‌ನ ಕಾಲು ಒಂದು ಗಳಿಗೆ ನಿಂತುಬಿಡುತ್ತದೆ.

"ಈ ತಿಂಗಳ ಕೊನೇ ಶುಕ್ರವಾರಕ್ಕೆ ಅವಳಣ್ಣನ್ನ ತಲಾಸ್‌ನಿಂದ ಕರೆಸಿದೀನಿ," ಉರ್ಮತ್ ಹೇಳುತ್ತಿದ್ದ. "ಅವನ ಜೊತೆ ಕಳಿಸಿಬಿಡ್ತೀನಿ. ಮಗಳು ನನ್ನ ಹತ್ರಾನೇ ಇರ್ತಾಳೆ. ಆದ್ರೆ ಅವಳಣ್ಣನ ಮುಂದೆ ಬರೀ ಬಾಯಲ್ಲಿ ಹೇಳಿದ್ರೆ ಆಗಲ್ಲ. ಕೈಯಲ್ಲಿ ಏನಾದ್ರೂ ಇರ್ಬೇಕು. ಅವಳ ಫೋನು ತಂದುಕೊಡ್ತೀನಿ, ಒಳಗೇನಿದೆ ನೋಡ್ಬಿಡಿ."

"ಬೇಡ."

"ಚೀಲದಲ್ಲಿ ಆ ರೆಕಾರ್ಡರ್ ಇಡೋಣ. ಗುಂಡಿಯಷ್ಟು ಚಿಕ್ಕದು ಬರುತ್ತಂತೆ."

"ಕೇಳು ತಮ್ಮಾ," ಬೆಯ್ಶೆನ್ ಮೇಜಿನ ಮೇಲೆ ಮುಂದಕ್ಕೆ ಬಾಗಿದ. "ಬೀದೀಲಿ ನಿಂತು, ಬೀದೀಲಿ ಎಲ್ಲರಿಗೂ ಕಾಣೋದನ್ನ ನೋಡ್ತೀನಿ. ಜನ ತಾವಾಗಿ ಹೇಳಿದ್ದನ್ನ ಕೇಳ್ತೀನಿ. ಅಷ್ಟೇ ನನ್ನ ಕೆಲಸ. ಫೋನು, ಕಾಗದ, ಬಾಗಿಲ ಒಳಗಿನ ಮಾತು, ಅದಕ್ಕೆ ಕೈ ಹಾಕಿದ್ರೆ ಜೈಲಿಗೆ ಹೋಗೋನು ನಾನು. ನೀನು ಮನೇಲಿ ಚಹಾ ಕುಡೀತಾ ಕೂತಿರ್ತೀಯ."

"ಹಾಗಾದ್ರೆ ಆ ಸಮ್ಸಾದವಳು ಅಷ್ಟೊಂದು ಯಾಕೆ ಬೈದ್ಲು?"

"ಬೀದೀಲೇ ಬೇಕಾದಷ್ಟು ಕಾಣುತ್ತೆ. ಅದಕ್ಕೇ."

ಜೈಲಿನ ಮಾತು ನಿಜವೇ. ಆದರೆ ಪೂರ್ತಿ ನಿಜವಲ್ಲ. ಪೊಲೀಸಿನಲ್ಲಿದ್ದಾಗ ಬೆಯ್ಶೆನ್ ಒಮ್ಮೆ ಫೋನು ನೋಡಿದ್ದ, ತನ್ನ ಹೆಂಡತಿ ಸೈರಾಳದ್ದು. ಗೆಳೆಯನೊಬ್ಬನಿಗೆ ಹೇಳಿ ಮೂರು ತಿಂಗಳ ಸಂದೇಶಗಳನ್ನೆಲ್ಲ ತೆಗೆಸಿ ಸಾಲುಸಾಲಾಗಿ ಓದಿದ್ದ. ತಂಗಿಗೆ ಕೇಕು ಮಾಡುವ ಬಗೆ, ಸಹೋದ್ಯೋಗಿಯ ಹುಟ್ಟುಹಬ್ಬ, 'ಬೆಯ್ಶೆನ್ ಇತ್ತೀಚೆಗೆ ಊಟ ಸರಿಯಾಗಿ ಮಾಡ್ತಿಲ್ಲ' ಎಂದು ಅತ್ತಿಗೆಗೆ ಬರೆದದ್ದು. ತಪ್ಪು ಒಂದೂ ಸಿಗಲಿಲ್ಲ. ಓದಿದ್ದು ಮಾತ್ರ ಅವಳಿಗೆ ಗೊತ್ತಾಯಿತು. "ಏನಾದ್ರೂ ಸಿಕ್ಕಿದ್ರೆ ನೀನು ನನ್ನ ಕ್ಷಮಿಸಬಹುದಾಗಿತ್ತು. ಏನೂ ಸಿಗಲಿಲ್ವಲ್ಲ, ಈಗ ನಾನು ನಿನ್ನ ಹೇಗೆ ಕ್ಷಮಿಸಲಿ?" ಎಂದಷ್ಟೇ ಕೇಳಿ ಮಾಸ್ಕೋಗೆ ಹೋಗುವ ರೈಲು ಹತ್ತಿದವಳು ಮತ್ತೆ ಬರಲಿಲ್ಲ. ಅಂದಿನಿಂದ ಅವನು ಬೀದಿ ಬಿಟ್ಟು ಒಳಗೆ ಇಣುಕಿದವನಲ್ಲ.

ಅವನದೊಂದು ಪದ್ಧತಿ ಇತ್ತು. ಒಂದು ಕರಾರಿಗೆ ಒಂದೇ ಪ್ರಶ್ನೆ, ಅದನ್ನು ಗಿರಾಕಿ ತನ್ನ ಕೈಯಾರೆ ಬರೆಯಬೇಕು. ಉರ್ಮತ್ ಪೆನ್ನು ಒತ್ತಿ ಒತ್ತಿ ಬರೆದ: 'ನನ್ನ ಹೆಂಡತಿಗೆ ಬೇರೆ ಗಂಡಸಿನ ಸಂಬಂಧ ಇದೆಯೇ?' ಕೆಳಗೆ ಸಹಿ ಹಾಕಲು ಹೋಗಿ ಎರಡು ಸಲ ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡ. ಹೆಂಡತಿಯನ್ನು ಕಳಿಸಿಬಿಡುತ್ತೇನೆ ಎನ್ನುವವನ ಕೈಯಲ್ಲ ಇದು, ಕಳಿಸಲು ಹೆದರುವವನ ಕೈ ಎನ್ನಿಸಿತು ಬೆಯ್ಶೆನ್‌ಗೆ.

ಗುರುವಾರ ಮಧ್ಯಾಹ್ನ ಬುರುಲ್ ಶಿಶುವಿಹಾರದಿಂದ ಹೊರಟು ವ್ಯಾನು ಹತ್ತಿದಳು. ಬೆಯ್ಶೆನ್ ಅದೇ ವ್ಯಾನಿನ ಹಿಂದಿನ ಸೀಟಿನಲ್ಲಿ ಕುಳಿತ. ತೆಳ್ಳಗಿನ ಹೆಂಗಸು, ಕತ್ತರಿಸಿದ ಕೂದಲು, ಜೀನ್ಸ್ ಪ್ಯಾಂಟು. ಮಡಿಲಲ್ಲಿದ್ದ ಚೀಲವನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು. ದೊಡ್ಡ ಬಜಾರಿನ ಹಿಂಬದಿಯಲ್ಲಿ ಇಳಿದಳು. ಅಲ್ಲಿ ಕುದುರೆಯ ಜೀನು, ಕಡಿವಾಣ, ಬೆಲ್ಟು ಹೊಲಿಯುವವರ ಡಬ್ಬಿಯಂಥ ಅಂಗಡಿಗಳು. ಅವುಗಳ ತುದಿಗೆ ಒಂದು ಚಹಾದಂಗಡಿ. ಅದರ ಅಂಗಳ ರಸ್ತೆಗೆ ತೆರೆದೇ ಇದೆ. ಎದುರಿಗೆ ಪಾಪ್ಲರ್ ಮರದಡಿ ಸರ್ಕಾರಿ ಬೆಂಚು. ಬೆಯ್ಶೆನ್ ಬೆಂಚಿನ ಮೇಲೆ ಕುಳಿತು ಪತ್ರಿಕೆ ಬಿಡಿಸಿದ.

ಬುರುಲ್ ಗೇಟಿನ ಬಳಿ ನಿಂತು ಚೀಲದಿಂದ ಬಿಳಿ ಸ್ಕಾರ್ಫ್ ತೆಗೆದಳು. ತಲೆಗೆ ಕಟ್ಟಿದಳು, ಕಿವಿಯ ಬಳಿ ಇಣುಕಿದ ಕೂದಲನ್ನೂ ಒಳಗೆ ಸೇರಿಸಿದಳು. ಅಂಗಳದಲ್ಲಿ ಕಟ್ಟೆಯ ಮೇಲೆ ಎಪ್ಪತ್ತು ದಾಟಿದ ಮುದುಕನೊಬ್ಬ ಕುಳಿತಿದ್ದ. ಕೈಗಳು ಬೇರಿನಂತೆ ಗಂಟುಗಂಟು, ಎದೆಗೆ ಚರ್ಮದ ಏಪ್ರನ್. ಬುರುಲ್ ನಾಲ್ಕು ಹೆಜ್ಜೆ ದೂರದಲ್ಲೇ ನಿಂತು, ಮೊಣಕಾಲು ತುಸು ಮಡಿಸಿ, ಎರಡೂ ಅಂಗೈಯನ್ನು ಮೊಣಕಾಲ ಮೇಲಿಟ್ಟು ಬಾಗಿದಳು. ಒಂದು ಸಲ. ಎರಡು ಸಲ. ಮೂರು ಸಲ.

ಬೆಯ್ಶೆನ್‌ನ ಕೈಯಲ್ಲಿ ಪತ್ರಿಕೆ ಹಾಗೇ ಉಳಿಯಿತು.

ಆ ಬಾಗುವಿಕೆಯನ್ನು ಅವನು ನೋಡಿ ಎಷ್ಟು ಕಾಲವಾಗಿತ್ತು! ಅಮ್ಮ ಹಾಗೆ ಬಾಗುತ್ತಿದ್ದಳು, ಬೆಳಗ್ಗೆ ಎದ್ದು ನೀರಿನ ಬಕೆಟ್ಟು ಕೆಳಗಿಟ್ಟು, ತಾತನಿಗೆ. ಬೇಸಿಗೆಯ ಹುಲ್ಲುಗಾವಲಿನಲ್ಲಿ, ಇಬ್ಬನಿಗೆ ಲಂಗದ ಅಂಚು ನೆನೆದಿರುತ್ತಿತ್ತು. ತಾತ ಡೇರೆಯ ಬಾಗಿಲಲ್ಲಿ ಕೂತೇ "ಕುಡಿಯೊಡೆದು ಬೆಳಿ ಮಗಳೇ" ಎನ್ನುತ್ತಿದ್ದ. ಸೈರಾ ಕೂಡ ಬಾಗಿದ್ದಳು, ಮದುವೆಯ ಮರುದಿನ, ಬೆಯ್ಶೆನ್‌ನ ಅಪ್ಪನಿಗೆ. ಕಾಲು ತೊಡರಿ ಬೀಳುವಂತಾಗಿ ತಾನೇ ನಕ್ಕುಬಿಟ್ಟಿದ್ದಳು, ಅಪ್ಪನೂ ನಕ್ಕಿದ್ದ. ಎಲ್ಲಿ ಹೋಯಿತು ಆ ನಗು? ಮಾಸ್ಕೋದ ಯಾವ ಕಟ್ಟಡದ ಮೆಟ್ಟಿಲು ಗುಡಿಸುತ್ತಿದೆ?

ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಬುರುಲ್ ಗಂಟು ಬಿಚ್ಚಿ ಬೋರ್ಸೋಕ್ ಹರಡಿದ್ದಳು. ಹಿರಿಯರಿಗೆ ಬಗ್ಗಿಸುವ ಕ್ರಮದಂತೆ ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ ಚಹಾ ಬಗ್ಗಿಸಿ, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ ಮುದುಕನಿಗೆ ನೀಡಿದಳು. ಕುಡಿದಷ್ಟು ಸಲವೂ ಹಾಗೆಯೇ. ಒಮ್ಮೆಯೂ ಅವನಿಗೆ ಬೆನ್ನು ಮಾಡಲಿಲ್ಲ.

ಮದುವೆಯಾದ ಹೆಂಗಸು ಹಾಗೆ ಬಾಗುವುದು ಮಾವನಿಗೆ, ಗಂಡನ ಕಡೆಯ ಹಿರಿಯ ಗಂಡಸರಿಗೆ. ಹೆತ್ತ ಅಪ್ಪನಿಗೂ ಬಾಗುವುದಿಲ್ಲ, ಇನ್ನು ಪ್ರಿಯಕರನಿಗೆ ಬಾಗುವ ಮಾತೆಲ್ಲಿ! ಆದರೆ ಉರ್ಮತ್‌ಗೆ ಅಂಥ ಹಿರಿಯರೇ ಇಲ್ಲ. ಒಬ್ಬಳೇ ಅಮ್ಮ ಸಾಕಿದ ಮಗ. ಗಂಡಸರಿಲ್ಲದ ಆ ಮನೆಯಲ್ಲಿ ಬುರುಲ್ ಹೀಗೆ ಬಾಗಿದ್ದನ್ನು ಅವನು ಒಂದು ದಿನವೂ ಕಂಡಿರಲಾರ. ಹಿಮದಡಿ ಸತ್ತ ಲಾರಿ ಚಾಲಕ... ಬೆಯ್ಶೆನ್ ಮುದುಕನ ದವಡೆ ನೋಡಿದ. ಬಿಗಿದಾಗ ಕಿವಿಯ ಕೆಳಗೆ ಗಂಟಾಗುವ ಆ ದವಡೆಯನ್ನು ಮೂರು ದಿನದ ಹಿಂದೆ ತನ್ನ ಮೇಜಿನ ಆಚೆ ನೋಡಿದ್ದ.

ಹೊತ್ತು ಹೋದದ್ದೇ ತಿಳಿಯಲಿಲ್ಲ. ತಲೆಯೆತ್ತಿದಾಗ ಬುರುಲ್ ಅವನ ಬೆಂಚಿನ ಎದುರೇ ನಿಂತಿದ್ದಳು.

"ಒಂದು ಗಂಟೆಯಿಂದ ಅದೇ ಪುಟ ಓದ್ತಿದೀರ ಬೈಕೆ. ಅಷ್ಟೊಂದು ಏನು ಬರೆದಿದಾರೆ?"

ಬೆಯ್ಶೆನ್ ಪತ್ರಿಕೆ ಮಡಿಸಿದ. ಇಷ್ಟು ವರ್ಷದ ಕೆಲಸದಲ್ಲಿ ಹೀಗೆ ಸಿಕ್ಕಿಬಿದ್ದದ್ದು ಇದೇ ಮೊದಲು.

"ನಮ್ಮವರು ಕಳಿಸಿದಾರೆ, ಅಲ್ವಾ?"

ಯಾರು ಕಳಿಸಿದರು ಎಂದು ಹೇಳುವ ಹಾಗಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನೋಡಿದ್ದನ್ನ ಬರೀರಿ, ಬೇಡ ಅನ್ನಲ್ಲ," ಎಂದಳು ಬುರುಲ್. ಮುಖ ಬಿಳಿಚಿತ್ತು, ದನಿ ಮಾತ್ರ ಗಟ್ಟಿ. "ಅವರು ಯಾರು ಅನ್ನೋದನ್ನ ಬರೀಬೇಡಿ. ನಿಮಗೆ ಗೊತ್ತಾಗಿದೆ. ನಿಮ್ಮ ಕಣ್ಣಲ್ಲಿ ನೀರು ಬಂದಿತ್ತು, ನೋಡಿದೆ."

"ಹೊಗೆ ತಂಗಿ. ಎಲೆ ಸುಡ್ತಿದಾರಲ್ಲ."

"ಆಯ್ತು, ಹೊಗೆ." ಅವಳು ನಗಲಿಲ್ಲ. "ಅತ್ತೆ ಮಣ್ಣಾದ ದಿನ ಇವರನ್ನ ಮೊದಲು ಕಂಡೆ. ರಸ್ತೆ ಆಚೆ ನಿಂತಿದ್ರು, ಸೊಂಟಕ್ಕೆ ಬಟ್ಟೆ ಬಿಗಿದು, ಕೋಲಿನ ಮೇಲೆ ಭಾರ ಹಾಕಿ. ಸಾವಿನ ಮನೆ ಗಂಡಸರಲ್ವಾ ಹಾಗೆ ನಿಲ್ಲೋದು? ನಮ್ಮನೇಲಿ ಹಾಗೆ ನಿಲ್ಲೋಕೆ ಇದ್ದದ್ದು ನಮ್ಮವರೊಬ್ಬರೇ, ಇವರು ಯಾಕೆ ನಿಲ್ಬೇಕು? ಹುಡುಕ್ಕೊಂಡು ಬಂದು ಕೇಳಿದೆ. ಯಾರಿಗೂ ಹೇಳಲ್ಲ ಅಂತ ರೊಟ್ಟಿ ಮುಟ್ಟಿಸಿ ಆಣೆ ಮಾಡಿಸಿಕೊಂಡ್ರು. ರೊಟ್ಟಿ ಮುಟ್ಟಿದ ಮೇಲೆ ಮುಗೀತಲ್ಲ."

"ನಿನ್ನ ಕಳಿಸಿಬಿಡ್ತಾನೆ. ನಿಮ್ಮಣ್ಣ ಬರ್ತಿದಾನೆ."

"ಗೊತ್ತು."

"ಮಗು?"

ಅವಳು ಸ್ಕಾರ್ಫ್ ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚಿ ಮಡಿಸಿದಳು. "ರೊಟ್ಟಿ ಮುಟ್ಟಿದೀನಿ ಬೈಕೆ," ಎಂದಳು ಮತ್ತೆ, ಈ ಸಲ ದನಿ ಒಡೆದಿತ್ತು. ವ್ಯಾನು ಬಂತು, ಹತ್ತಿಹೋದಳು.

ಆ ಸಂಜೆ ಬೆಯ್ಶೆನ್‌ಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಗಂಡನಿಗೆ ನೇರವಾಗಿ ಹೇಳಿಬಿಡಬಹುದು: ನಿನ್ನಪ್ಪ ಬದುಕಿದ್ದಾನೆ, ಬಜಾರಿನಲ್ಲಿ ಬೆಲ್ಟು ಹೊಲಿಯುತ್ತಾನೆ. ಹೇಳಿದರೆ ಅವಳ ಸಂಸಾರ ಉಳಿಯುತ್ತದೆಯೇ? ತನ್ನಿಂದ ಅಪ್ಪನನ್ನು ಒಂದು ವರ್ಷ ಮುಚ್ಚಿಟ್ಟವಳು ಎಂದು ಮತ್ತೊಂದು ಬೆಂಕಿ ಹತ್ತುತ್ತದೆ. ದುಡ್ಡು ಕೊಟ್ಟು ಗೊತ್ತುಮಾಡಿದವನ ಬಾಯಿಂದ ಅಂಥ ಸುದ್ದಿ ಕೇಳಿದ ಮಗ ಏನಾಗುತ್ತಾನೆ? ಹೇಳದಿದ್ದರೆ ತಲಾಸ್‌ನಿಂದ ಅಣ್ಣ ಬರುತ್ತಾನೆ. ಐದು ವರ್ಷದ ಹುಡುಗಿ ಕಿಟಕಿಯಲ್ಲಿ ನಿಂತು ಅಮ್ಮ ಹೋಗುವುದನ್ನು ನೋಡುತ್ತಾಳೆ. ಎಲ್ಲಾ ಈ ಮುದುಕನಿಂದ. ಮೂವತ್ತು ವರ್ಷ ಸತ್ತವನ ಹಾಗೆ ಬಿದ್ದಿದ್ದು, ಈಗ ಸೊಸೆಯ ಕೈಯಲ್ಲಿ ಬಿಸಿಬಿಸಿ ತಿನ್ನುತ್ತಾನಲ್ಲ, ನಾಚಿಕೆ ಬೇಡವೇ ಇವನಿಗೆ!

ಶನಿವಾರ ಬೆಳಗ್ಗೆ ಬೆಯ್ಶೆನ್ ತನ್ನ ಚೀಲದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮುದುಕನ ಅಂಗಡಿಗೆ ಹೋದ. ಓಮುರ್ಜಾಕ್ ಎಂದು ಎಲ್ಲರೂ ಕರೆಯುವ ಆ ಮುದುಕ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದು ಹರಿದಿದ್ದಲ್ಲ, ಚಾಕುವಲ್ಲಿ ಕೊಯ್ದಿದ್ದು. ನೀನೇ ಕೊಯ್ದು ನೀನೇ ಹೊಲೀ ಅಂತೀಯ. ಏನಾಗ್ಬೇಕಿತ್ತು ಹೇಳು."

"ಎರಡು ಮಾತು, ಅಕ್ಸಕಾಲ್," ಎಂದ ಬೆಯ್ಶೆನ್, ಊರ ಹಿರಿಯರನ್ನು ಕರೆಯುವ ಹಾಗೆ.

"ಕೂತ್ಕೊ. ಗುರುವಾರ ಬೆಂಚಿನ ಮೇಲೆ ಕೂತಿದ್ದೋನು ನೀನೇ ತಾನೆ? ಪತ್ರಿಕೇನ ತಲೆಕೆಳಗಾಗಿ ಹಿಡಿದಿದ್ದೆ ಒಂದಷ್ಟು ಹೊತ್ತು."

ಬೆಯ್ಶೆನ್ ತಾನು ಯಾರು, ಏನು ಕೆಲಸ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಇಷ್ಟವಿದ್ದರೆ ಮಾತಾಡಿ, ಇಲ್ಲದಿದ್ದರೆ ಎದ್ದು ಹೋಗುತ್ತೇನೆ ಎಂದೂ ಹೇಳಿದ. ಮುದುಕ ಸೂಜಿಗೆ ಮೇಣದ ದಾರ ಪೋಣಿಸತೊಡಗಿದ. ಸೂಜಿಯ ಕಣ್ಣು ಅವನಿಗೆ ಸಿಗುತ್ತಲೇ ಇರಲಿಲ್ಲ.

"ಹಿಮಾನೂ ಇಲ್ಲ, ಕಣಿವೆನೂ ಇಲ್ಲ," ಎಂದ ಕಡೆಗೆ. "ತೋಕ್ಮೋಕ್‌ನಲ್ಲಿ ಲಾರಿಯವರ ಕ್ಯಾಂಟೀನು. ಅಲ್ಲೊಬ್ಬಳು. ಅವಳ ಜೊತೆ ಹೋದೆ. ಮೂರು ವರ್ಷ. ಆಮೇಲೆ ಬುದ್ಧಿ ಬಂತು, ವಾಪಸ್ ಬಂದೆ. ಬಾಗಿಲು ತೆಗೆದ ನನ್ನ ಹೆಂಡ್ತಿ ಏನಂದ್ಲು ಗೊತ್ತಾ? 'ನನ್ನ ಮಗನಿಗೆ ನೀನು ಸತ್ತು ಮೂರು ವರ್ಷ. ಓಡಿಹೋದ ಅಪ್ಪನಿಗಿಂತ ಸತ್ತ ಅಪ್ಪನೇ ಅವನಿಗೆ ಒಳ್ಳೇದು. ಅದನ್ನೂ ಕಿತ್ಕೋಬೇಡ.' ಅಷ್ಟರಲ್ಲಿ ಒಳಗಿಂದ ಎಣ್ಣೆ ವಾಸನೆ ಬಂತು. ಗುರುವಾರ. ನನಗೇ ಅಂತ ಕರೀತಿದ್ಲು! ಹೊಸ್ತಿಲ ಆಚೆ ನಿಂತು ನನ್ನ ತಿಥಿ ವಾಸನೆ ನಾನೇ ಕುಡಿದೆ ತಮ್ಮಾ. ಮೆಟ್ಟಿಲಿಳಿದು ಬಂದ್ಬಿಟ್ಟೆ."

"ಇಳಿದವರು ಈ ಊರಲ್ಲೇ ಯಾಕೆ ಉಳಿದ್ರಿ?"

"ಇನ್ನೆಲ್ಲಿಗೆ ಹೋಗ್ಲಿ? ದೂರದಿಂದಾದ್ರೂ ಕಾಣ್ತಾನಲ್ಲ. ಒಂದು ಸಲ ಬೆಲ್ಟಿಗೆ ತೂತು ಹಾಕಿಸ್ಕೊಂಡು ಹೋದ. ಹದಿನೇಳು ವರ್ಷ ಇರ್ಬಹುದು ಆಗ, ಕಡ್ಡಿ ಹಾಗಿದ್ದ. 'ಇನ್ನೊಂದು ತೂತು ಹಾಕು ತಾತ' ಅಂದ. ಆಗಲೇ ತಾತ ಅಂದ್ಬಿಟ್ಟ ನನ್ನ!" ಮುದುಕ ನಗಲು ಹೋಗಿ ಕೆಮ್ಮಿದ. "ಈಗ ಈ ಹುಡುಗಿ. ಬೇಡ ಅಂದ್ರೂ ಬರ್ತಾಳೆ. 'ವಾಸನೆ ಸತ್ತವರಿಗೆ. ನೀವು ಬದುಕಿದೀರಲ್ಲ, ತಿನ್ನಿ' ಅಂತಾಳೆ. ಸತ್ತವನು ಇಷ್ಟು ಬಿಸಿಬಿಸಿ ತಿಂದದ್ದನ್ನ ಎಲ್ಲಾದ್ರೂ ಕೇಳಿದೀಯಾ?"

ಬೆಯ್ಶೆನ್ ಬಂದಾಗ ಎದೆತುಂಬ ಸಿಟ್ಟು ತುಂಬಿಕೊಂಡು ಬಂದಿದ್ದ. ಅದು ಎಲ್ಲಿ ಸೋರಿಹೋಯಿತೋ. ಆದರೂ ಹೇಳಬೇಕಾದ್ದನ್ನು ಹೇಳಿದ.

"ಅವಳನ್ನ ಮನೆಯಿಂದ ಹೊರಗೆ ಹಾಕ್ತಿದಾನೆ ಅಕ್ಸಕಾಲ್. ಮುಂದಿನ ಶುಕ್ರವಾರ. ಮಗೂನ ಇಟ್ಕೊಂಡು ಅವಳನ್ನ ತವರಿಗೆ ಕಳಿಸ್ತಾನೆ. ನಿಮ್ಮ ಚಹಾ ಬಗ್ಗಿಸಿದ್ದಕ್ಕೆ. ಬಾಯಿ ಬಿಟ್ರೆ ಬಚಾವಾಗ್ತಾಳೆ, ಬಿಡ್ತಿಲ್ಲ. ನಿಮಗೆ ರೊಟ್ಟಿ ಮುಟ್ಟಿದಾಳೆ."

ಮುದುಕನ ಕೈಯಿಂದ ಸೂಜಿ ಜಾರಿ ಏಪ್ರನ್ನಿನ ಮಡಿಕೆಯಲ್ಲಿ ಬಿತ್ತು. "ನನಗೆ ಹೇಳಲಿಲ್ಲ," ಎಂದ. "ಎಲ್ಲಾ ಚೆನ್ನಾಗಿದೆ ಅಂತಾನೇ ಹೇಳ್ತಿದ್ಲು."

"ನಾನು ಹೇಳಿದ್ರೆ ಅದು ಬರೀ ವರದಿ. ನೀವು ಹೇಳಿದ್ರೆ ಬೇರೆ."

"ನನ್ನ ಮುಖದ ಮೇಲೆ ಉಗೀತಾನೆ."

"ಉಗೀಬಹುದು."

"ಅಮ್ಮ ಮೂವತ್ತು ವರ್ಷ ಸುಳ್ಳು ಹೇಳಿದ್ಲು ಅಂತ ಅವಳ ಗೋರಿ ಮೇಲೂ ಉಗೀತಾನೆ. ಅದನ್ನ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಮುದುಕ ಬಾಗಿ ಸೂಜಿ ಹುಡುಕಿ ತೆಗೆದು, ಈ ಸಲ ಒಂದೇ ಏಟಿಗೆ ದಾರ ಪೋಣಿಸಿದ. ಪಟ್ಟಿಯನ್ನು ಹೊಲಿದು ಮುಗಿಸಿದ. ಕೊಡುವಾಗ, "ಗುರುವಾರ ಎಷ್ಟೊತ್ತಿಗೆ ಅಂತ ನಿನಗೆ ಗೊತ್ತಲ್ಲ," ಎಂದ. ಅದಕ್ಕೆ ಏನರ್ಥ ಎಂದು ಬೆಯ್ಶೆನ್ ಕೇಳಲಿಲ್ಲ. ಕೇಳಿದರೆ ಮುದುಕ ಹಿಂದೆ ಸರಿದುಬಿಟ್ಟಾನು ಎಂಬ ಭಯ.

ಮುಂದಿನ ಗುರುವಾರ, ಬೆಯ್ಶೆನ್ ಹೇಳಿದ ಹೊತ್ತಿಗೆ, ಉರ್ಮತ್ ಡಿಪೋದ ನೀಲಿ ಅಂಗಿಯಲ್ಲೇ ಬಂದ. ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು. ಬೆಂಚಿನ ಬಳಿ ಬೆಯ್ಶೆನ್ ಅವನ ಕೈಗೆ ಕರಾರಿನ ಹಾಳೆ ಕೊಟ್ಟ. ಉರ್ಮತ್‌ನ ಪ್ರಶ್ನೆಯ ಕೆಳಗೆ ದಿನ, ವೇಳೆ, ಜಾಗ, ಕಂಡದ್ದು ನಾಲ್ಕೇ ಸಾಲು. ಅದರ ಕೆಳಗೆ ಉತ್ತರ: 'ಇಲ್ಲ.'

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ."

"ಮತ್ತೆ ಯಾಕೆ ಕರೆಸಿದ್ರಿ ಇಲ್ಲಿಗೆ? ಅಲ್ಲಿ... ಅದು ಬುರುಲ್!"

ಬುರುಲ್ ಆಗಷ್ಟೇ ಗೇಟು ದಾಟಿದ್ದಳು, ಬಿಳಿ ಸ್ಕಾರ್ಫ್ ಕಟ್ಟಿದ್ದಳು. ಕಟ್ಟೆಯ ಮೇಲೆ ಓಮುರ್ಜಾಕ್ ಇವತ್ತು ಏಪ್ರನ್ ಹಾಕಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ತಲೆಯ ಮೇಲೆ ಬಿಳಿ ಉಣ್ಣೆಯ ಟೋಪಿ. ಗಡ್ಡ ಬೋಳಿಸುವಾಗ ಕೆನ್ನೆಯ ಎರಡು ಕಡೆ ಕೊಯ್ದುಕೊಂಡಿದ್ದ. ಬುರುಲ್ ಬಾಗಿದಳು.

"ನೋಡಿದ್ರಾ!" ಉರ್ಮತ್‌ನ ದನಿ ಕೀರಲಾಯಿತು. "ನನಗೆ ಒಂದು ದಿನ ತಲೆ ತಗ್ಗಿಸಿದವಳಲ್ಲ. ಈ ಮುದಿಗೂಬೆಗೆ ಮೂರು ಸಲ ಬಾಗ್ತಾಳೆ! ಏನು ಮಂತ್ರ ಹಾಕ್ಸಿದಾನೆ ಇವನು?"

ಅವನು ರಸ್ತೆ ದಾಟಿ ಅಂಗಳಕ್ಕೆ ನುಗ್ಗಿದ. ಬೆಯ್ಶೆನ್ ಹಿಂದೆಯೇ ಹೋದ. ಸುತ್ತ ಚಹಾ ಕುಡಿಯುತ್ತಿದ್ದವರು ಬಟ್ಟಲು ಕೆಳಗಿಟ್ಟರು. ಬುರುಲ್ ಗಂಡನನ್ನು ಕಂಡು ಎರಡೂ ಕೈಯಲ್ಲಿ ಚಹಾದ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟಳು.

"ಯಾರು ಇವನು?" ಎಂದ ಉರ್ಮತ್.

ಬುರುಲ್ ಮಾವನ ಕಡೆ ನೋಡಿದಳು.

"ಕೇಳ್ತಿದೀನಲ್ಲ, ಯಾರು? ನಮ್ಮಪ್ಪನ ಪಾಲಿಂದು ತಂದು ಇವನಿಗೆ ಹಾಕ್ತೀಯಲ್ಲ, ಯಾರೇ ಇವನು ನಿನಗೆ?"

"ಅವಳಿಗೆ ಹೇಳೋಕಾಗಲ್ಲ ಮಗಾ," ಎಂದ ಓಮುರ್ಜಾಕ್. "ನಾನೇ ಬಾಯಿ ಕಟ್ಟಿದೀನಿ." ಅವನು ಎದ್ದು ನಿಲ್ಲಲು ಹೊರಟ. ಕೋಲು ಜಾರಿತು. ಬುರುಲ್ ಪಾತ್ರೆ ಇಟ್ಟು ಅವನ ತೋಳು ಹಿಡಿದಳು. ಮುದುಕ ಪೂರ್ತಿ ನೆಟ್ಟಗಾದಾಗ ಅವನೂ ಉರ್ಮತ್‌ನೂ ಒಂದೇ ಎತ್ತರ. ದವಡೆ ಎರಡೂ ಒಂದೇ ರೀತಿ ಬಿಗಿದಿದ್ದವು. ಸುತ್ತಲಿನವರಲ್ಲಿ ಒಬ್ಬ ಹೆಂಗಸು "ಅಯ್ಯೋ ದೇವರೇ" ಎಂದು ಬಾಯಿ ಮುಚ್ಚಿಕೊಂಡಳು. ಕಾಣುವವರಿಗೆಲ್ಲ ಕಾಣುತ್ತಿತ್ತು, ಉರ್ಮತ್ ಒಬ್ಬನಿಗೆ ಬಿಟ್ಟು. ತನ್ನ ಮುಖವನ್ನು ತಾನು ಯಾವಾಗ ನೋಡಿಕೊಂಡಿದ್ದಾನು!

ಆದರೆ ಏನೋ ಆಗಿತ್ತು ಅವನಿಗೂ. ಸಿಟ್ಟಿನ ಮುಖದಲ್ಲಿ ಆರು ವರ್ಷದ ಹುಡುಗನ ಭಯ ಇಣುಕಿತು. ಅವನು ಬೆಯ್ಶೆನ್‌ನ ಕಡೆ ತಿರುಗಿದ.

"ಬೈಕೆ, ನೀವಾದ್ರೂ ಹೇಳಿ. ನಿಮಗೆ ಗೊತ್ತಿದೆ. ಯಾರಿವರು?" 'ಇವನು' ಹೋಗಿ 'ಇವರು' ಆಗಿದ್ದು ಅವನಿಗೇ ತಿಳಿದಿರಲಿಲ್ಲ. "ನಿಮ್ಮನ್ನ ಇದಕ್ಕೇ ತಾನೆ ಇಟ್ಕೊಂಡಿದ್ದು? ನಾಯಿ ಹಾಗೆ ಮೂಸ್ಕೊಂಡು ಬಂದ್ರಲ್ಲ, ಈಗ ಬೊಗಳೋಕೆ ಏನಾಯ್ತು? ಹೇಳ್ರೀ!"

ಓಮುರ್ಜಾಕ್ ಬಾಯಿ ತೆರೆದ. ಟೋಪಿಯನ್ನು ಕೈಗೆ ತೆಗೆದುಕೊಂಡ. ಬುರುಲ್ ಇನ್ನೂ ಅವನ ತೋಳು ಹಿಡಿದೇ ಇದ್ದಳು.

ಬೆಯ್ಶೆನ್ ಹೊಲಿಸಿದ ಪಟ್ಟಿಯ ಚೀಲವನ್ನು ಹೆಗಲಿಗೆ ಏರಿಸಿಕೊಂಡ. ಈ ಉತ್ತರ ಅಪ್ಪನ ಬಾಯಿಂದಲೇ ಬರಬೇಕಿತ್ತು. ತಿರುಗಿದ. ಚಹಾದಂಗಡಿಯ ಗೇಟು ದಾಟಿ, ಜೀನಿನ ಅಂಗಡಿಗಳ ಸಾಲು ಹಿಡಿದು, ಎಲೆ ಸುಡುವ ಹೊಗೆಯೊಳಕ್ಕೆ ನಡೆದ. ಹಿಂದಿನಿಂದ "ಬೈಕೆ!" ಎಂದು ಉರ್ಮತ್ ಇನ್ನೊಮ್ಮೆ ಕೂಗಿದ್ದು ಕೇಳಿಸಿತು. ಅವನು ನಿಲ್ಲಲಿಲ್ಲ, ಉತ್ತರ ಕೊಡಲೂ ಇಲ್ಲ.